ಮೂರಕ್ಕೂ ನಾಲ್ಕಕ್ಕೂ ಬರುವ ಸಂಖ್ಯೆ

ಹನ್ನೆರಡು ಹುಣಸೆ ಬೀಜ ಎಣಿಸಿಕೊಟ್ಟು, ಒಂದೂ ಮಿಗದಂತೆ ಸಮಸಾಲು ಮಾಡು ಎಂದರೆ ಆ ಹುಡುಗ ಪ್ರತಿ ಸಲವೂ ಒಂದೇ ಉತ್ತರ ಹೇಳುತ್ತಿದ್ದ.

"ಆಗಂಗಿಲ್ರಿ ಅಕ್ಕೋರ."

"ಹನ್ನೆರಡು ಆಗಂಗಿಲ್ಲಾ? ಹನ್ನೆರಡ ಆಗಲಿಲ್ಲಂದ್ರ ಮತ್ಯಾವುದು ಆಗ್ತದೋ ಯಪ್ಪಾ?" ಎಂದು ನಾನು ರೇಗಿದರೆ, ಹೊರಸಿನ ಮೇಲೆ ಗೋಡೆಗೆ ಒರಗಿ ಕೂತಲ್ಲಿಂದಲೇ ನಗುತ್ತಿದ್ದ. ಹದಿಮೂರು ಬೀಜ ಕೊಟ್ಟರೆ ಮಾತ್ರ ಚಕಚಕನೆ ಸಾಲು ಹೂಡಿ, ಎರಡರಾಗ ಬರ್ತದ, ಮೂರರಾಗ ಬರ್ತದ, ನಾಕರಾಗೂ ಬರ್ತದ ಎನ್ನುತ್ತಿದ್ದ. ಹದಿಮೂರಕ್ಕೆ! ಇಷ್ಟು ವರ್ಷ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟಿದ್ದಕ್ಕೂ ಸಾರ್ಥಕವಾಯಿತು ಎಂದುಕೊಂಡೆ.

ಶಾಲೆಗೆ ಬರಲಾಗದ ಅಂಗವಿಕಲ ಮಕ್ಕಳಿಗೆ ಮನೆಗೇ ಹೋಗಿ ಪಾಠ ಹೇಳುವ ಕೆಲಸ ನನ್ನದು. ಮನೆ ಮಾನ್ವಿಯಲ್ಲಿ, ಕೆಲಸ ದೇವದುರ್ಗ ತಾಲ್ಲೂಕಿನಲ್ಲಿ. ವಾರಕ್ಕೊಮ್ಮೆ ಜಾಲಹಳ್ಳಿಯಲ್ಲಿ ಬಸ್ಸಿಳಿದು, ಆಟೊ ಸಿಕ್ಕರೆ ಆಟೊ, ಇಲ್ಲದಿದ್ದರೆ ಯಾರದ್ದಾದರೂ ಟ್ರ್ಯಾಕ್ಟರು ಹಿಡಿದು ಆ ಊರು ಸೇರುತ್ತಿದ್ದೆ. ಹುಡುಗನ ಮನೆಯವರು ಕುರಿ ಕಾಯುವವರು. ಅವನಿಗೆ ಹದಿನಾಲ್ಕು ನಡೆಯುತ್ತಿತ್ತು, ಓದು ಮಾತ್ರ ಐದನೆಯ ತರಗತಿಯದು. ಮೈಯ ಸ್ನಾಯುಗಳು ಒಂದೊಂದಾಗಿ ಸೋಲುತ್ತ ಹೋಗುವ ಕಾಯಿಲೆ. ಮೊದಲು ಓಡುವುದು ನಿಂತು, ಆಮೇಲೆ ನಡೆಯುವುದು ನಿಂತು, ನಾನು ಹೋಗುವ ಹೊತ್ತಿಗೆ ಕೂಡಿಸಿದರೆ ಕೂರುತ್ತಿದ್ದ, ಮಲಗಿಸಿದರೆ ಮಲಗುತ್ತಿದ್ದ. ಕೈಬೆರಳು ಇನ್ನೂ ಮಾತು ಕೇಳುತ್ತಿದ್ದವು, ಬಾಯಿಯಂತೂ ಜೋರಿತ್ತು.

ನಾವು ಹಿಡಿದಿದ್ದ ಪಾಠ ಅಪವರ್ತನಗಳು ಮತ್ತು ಅಪವರ್ತ್ಯಗಳು. ಈ ಎರಡು ಹೆಸರು ಇಟ್ಟ ಪುಣ್ಯಾತ್ಮ ಯಾರೋ, ಅವನನ್ನು ಒಂದು ದಿನ ಐದನೆಯ ತರಗತಿಯಲ್ಲಿ ಕೂರಿಸಬೇಕು. ಅದಕ್ಕೇ ನಾನು ಮೊದಲು ಹೆಸರು ಹೇಳುವುದಿಲ್ಲ, ಬೀಜ ಹಂಚುತ್ತೇನೆ. ಹನ್ನೆರಡನ್ನು ಎರಡು ಸಾಲಿಗೆ ಆರಾರು ಇಡಬಹುದು, ಮೂರು ಸಾಲಿಗೆ ನಾಕುನಾಕು ಇಡಬಹುದು, ಒಂದೇ ಉದ್ದ ಸಾಲಿಗೆ ಹನ್ನೆರಡೂ ಇಡಬಹುದು. ಆಯತಾಕಾರ ಸರಿಯಾಗಿ ಕೂತರೆ ಸಾಲಿನ ಸಂಖ್ಯೆಯೂ ಅಪವರ್ತನ, ಸಾಲಿನಲ್ಲಿರುವ ಬೀಜದ ಸಂಖ್ಯೆಯೂ ಅಪವರ್ತನ. ಮೂಲೆಯಲ್ಲಿ ಹಲ್ಲು ಬಿದ್ದ ಹಾಗೆ ಒಂದು ಕಡಿಮೆಯಾದರೆ ಅಲ್ಲ. ಕಣ್ಣಿಗೆ ಕಂಡದ್ದನ್ನು ಮಕ್ಕಳು ಮರೆಯುವುದಿಲ್ಲ.

ಮುಂದಿನ ಸಲ ಹೋದಾಗ ನಾನು ಅವನ ಬಾಯಿ ನೋಡುವುದು ಬಿಟ್ಟು ಕೈ ನೋಡಿದೆ. ಹನ್ನೆರಡು ಬೀಜ ಮೊರದಲ್ಲಿ ಸುರಿದ ಕೂಡಲೇ ಒಂದನ್ನು ಮೆಲ್ಲಗೆ ಎತ್ತಿ ಕೌದಿಯ ಅಂಚಿನ ಕೆಳಗೆ ತಳ್ಳಿದ. ನಾನು ಕೌದಿ ಎತ್ತಿದೆ. ಹಿಂದಿನ ವಾರಗಳವೂ ಸೇರಿ ಅಲ್ಲೊಂದು ಸಣ್ಣ ಗುಡ್ಡೆಯೇ ಇತ್ತು.

"ಏನಿದು? ನನ್ನ ಬೀಜ ಕದಿಯಾಕತ್ತೀಯೇನಲೇ?"

"ಕದ್ದಿಲ್ರಿ. ಅದು ದೇವರ್ದು."

ಒಳಗಿನಿಂದ ಅವನ ಅಜ್ಜಿ ಬಂದು ಬಿಡಿಸಿ ಹೇಳಿದಳು. ಕುರಿ ಎಣಿಸುವಾಗ ಮೊದಲು ಒಂದನ್ನು ದೇವರ ಹೆಸರಲ್ಲಿ ಈಚೆ ಬಿಡಬೇಕು. ಆಮೇಲೆ ಉಳಿದವನ್ನು ಎಣಿಸಬೇಕು. ಇದ್ದಬದ್ದದ್ದನ್ನೆಲ್ಲ ಎಣಿಸಿ, ಇಷ್ಟು ಅದಾವ ಎಂದು ಬಾಯಿಬಿಟ್ಟು ಹೇಳಿದರೆ ಹಿಂಡಿಗೆ ಕೇಡು. ಹುಡುಗ ನಡೆಯುವ ಕಾಲದಲ್ಲಿ ಅಪ್ಪನ ಜೊತೆ ಹಿಂಡಿನ ಹಿಂದೆ ತಿರುಗಿ ಎಣಿಕೆ ಕಲಿತದ್ದೇ ಹೀಗೆ. ನಾನು ಹನ್ನೆರಡು ಕೊಟ್ಟಾಗ ಅವನ ಮುಂದೆ ಉಳಿಯುತ್ತಿದ್ದದ್ದು ಹನ್ನೊಂದು. ಹನ್ನೊಂದನ್ನು ಯಾವ ದೊರೆ ಬಂದರೂ ಎರಡು ಸಾಲು ಮಾಡಲಾರ.

"ನಿಮ್ಮ ದೇವರಿಗೆ ನಾ ಬ್ಯಾರೆ ಬೀಜ ಕೊಡ್ತೀನಿ, ನನ್ನ ಹನ್ನೆರಡಕ್ಕ ಕೈ ಹಾಕಬ್ಯಾಡ," ಎಂದೆ. ಅಂದಿನಿಂದ ಡಬ್ಬಿಯಲ್ಲಿ ಒಂದು ಹೆಚ್ಚಿನ ಬೀಜ ತರತೊಡಗಿದೆ. ಮೊದಲು ಅದನ್ನು ಅಜ್ಜಿಯ ಕೈಗೆ ಕೊಡುವುದು, ಆಮೇಲೆ ಪಾಠ. ಅಜ್ಜಿ ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಜಂಬದಿಂದ ಕೂರುತ್ತಿದ್ದಳು.

ಆಮೇಲೆ ಅವನನ್ನು ಹಿಡಿಯುವವರಿಲ್ಲದಾಯಿತು. ಹದಿನೆಂಟು, ಇಪ್ಪತ್ತು, ಮೂವತ್ತು, ಯಾವುದು ಕೊಟ್ಟರೂ ಸಾಲು ಹೂಡುತ್ತಿದ್ದ. ಹದಿಮೂರು, ಹದಿನೇಳಕ್ಕೆ ಬೀಜ ಮುಟ್ಟದೆಯೇ, ಇದು ಹಟಮಾರಿ ಎನ್ನುತ್ತಿದ್ದ. ಅವಿಭಾಜ್ಯ ಸಂಖ್ಯೆಗೆ ಅದಕ್ಕಿಂತ ಒಳ್ಳೆಯ ಹೆಸರು ನನಗೆ ಇಂದಿಗೂ ಸಿಕ್ಕಿಲ್ಲ.

ಒಂದು ಮಧ್ಯಾಹ್ನ ಪಾಠ ಮುಗಿಸಿ ಬೀಜ ಡಬ್ಬಿಗೆ ತುಂಬುತ್ತಿದ್ದೆ. ಅವನ ಅವ್ವ ಒಲೆಯ ಮುಂದೆ ಜೋಳದ ರೊಟ್ಟಿ ಬಡಿಯುತ್ತಿದ್ದಳು.

"ಅಕ್ಕೋರ, ಮೂರು ಮಂದಿಗೂ ಸಮ ಬರಬೇಕು, ನಾಕು ಮಂದಿಗೂ ಸಮ ಬರಬೇಕು. ಅಂಥಾದ್ದು ಯಾವುದ್ರಿ?"

ಓಹೋ, ಮುಂದಿನ ಪಾಠಕ್ಕೇ ಕೈ ಹಾಕಿದನಲ್ಲ, ಸಾಮಾನ್ಯ ಅಪವರ್ತ್ಯ! ನನಗೆ ಎಲ್ಲಿಲ್ಲದ ಖುಷಿ. "ನೀನ ಹುಡುಕು ನೋಡೋಣು. ಆದ್ರ ಮೂರೂ ನಾಕೂ ಯಾಕ ಬೇಕಾತೋ?"

"ನನ್ನ ಕುರಿ ಪಾಲು ಮಾಡಬೇಕ್ರಿ. ಅಕ್ಕಗೋಳು ಇಬ್ಬರು, ತಂಗಿ ಒಬ್ಬಾಕಿ. ನಾ ಇದ್ರ ನಾಕ ಪಾಲು. ಇಲ್ಲಂದ್ರ ಮೂರು. ಯಾವುದಕ್ಕೂ ಬರಂಗ ಇರಬೇಕು."

ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ಹುಡುಗ ನನ್ನ ಮುಖವನ್ನೇ ನೋಡುತ್ತ ಉತ್ತರಕ್ಕೆ ಕಾಯುತ್ತಿದ್ದ.

ಮೆಲ್ಲಮೆಲ್ಲಗೆ ಉಳಿದದ್ದು ತಿಳಿಯಿತು. ಅವನ ಜವಳ ತೆಗೆದ ದಿನ ಸೋದರಮಾವ ಒಂದು ಹೆಣ್ಣು ಕುರಿ ಉಡುಗೊರೆ ಕೊಟ್ಟಿದ್ದ. ಹಾಗೆ ಬಂದ ಕುರಿಯ ಸಂತಾನವೆಲ್ಲ ಆ ಮಗುವಿನದೇ. ಗಂಡು ಮರಿ ಹುಟ್ಟಿದರೆ ಸಂತೆಗೆ ಹೋಗುತ್ತದೆ, ಹೆಣ್ಣು ಮರಿ ಹುಟ್ಟಿದರೆ ಎಡಗಿವಿಯ ತುದಿ ಸೀಳಿ ಅವನ ಲೆಕ್ಕಕ್ಕೆ ಸೇರಿಸುತ್ತಾರೆ. ಆ ಒಂದು ಕುರಿ ಈಗ, ದೇವರದ್ದು ಬಿಟ್ಟು, ಇಪ್ಪತ್ತೊಂದಾಗಿತ್ತು. ಅವನಿಲ್ಲವಾದರೆ ಅವು ಅಪ್ಪನ ದೊಡ್ಡ ಹಿಂಡಿನಲ್ಲಿ ಬೆರೆತು ಹೋಗುತ್ತವೆ, ಮುಂದೆ ಚಿಕ್ಕಪ್ಪನ ಗಂಡುಮಕ್ಕಳಿಗೆ ಸೇರುತ್ತವೆ. ಹೆಣ್ಣುಮಕ್ಕಳಿಗೆ ಕುರಿಯಲ್ಲಿ ಪಾಲು ಕೊಡುವ ಪದ್ಧತಿ ಅವರಲ್ಲಿಲ್ಲ.

"ನನ್ನ ಎತ್ತೋರು ಅವರ, ಇಳಸೋರು ಅವರ, ತೊಳಿಯೋರು ಅವರ," ಎಂದ ಹುಡುಗ. "ಕುರಿ ಮಾತ್ರ ಚಿಕ್ಕಪ್ಪನ ಮಕ್ಕಳಿಗೆ ಯಾಕ್ರಿ?"

ತಾನು ಎಷ್ಟು ದಿನ ಇರುತ್ತೇನೆ ಎಂಬುದನ್ನು ಅವನಿಗೆ ಯಾರೂ ಹೇಳಿರಲಿಲ್ಲ. ರಾಯಚೂರಿನ ಆಸ್ಪತ್ರೆಗೆ ಪ್ರಮಾಣಪತ್ರಕ್ಕೆಂದು ಕರೆದೊಯ್ದಾಗ ಡಾಕ್ಟರು ಅವನ ತಲೆಯ ಮೇಲಿಂದಲೇ ಅಪ್ಪನಿಗೆ ಹೇಳಿದ್ದನ್ನು ಕೇಳಿಸಿಕೊಂಡಿದ್ದ. ಕಾಲು ನಡೆಯದ ಮಗುವಿಗೆ ಕಿವಿಯೂ ಕೇಳುವುದಿಲ್ಲ ಎಂದುಕೊಳ್ಳುವವರನ್ನು ಈ ಕೆಲಸದಲ್ಲಿ ಬಹಳ ಮಂದಿ ನೋಡಿದ್ದೇನೆ.

ಮುಂದಿನ ವಾರ ನಾನು ಹೊಸ್ತಿಲು ದಾಟುವ ಮೊದಲೇ ಅವನ ಅವ್ವ ಅಂಗಳದಲ್ಲಿ ತಡೆದು ನಿಲ್ಲಿಸಿದಳು. "ಕೈ ಮುಗೀತೀನ್ರಿ ಅಕ್ಕೋರ. ಬ್ಯಾರೆ ಏನಾರ ಹೇಳಿಕೊಡ್ರಿ. ಆ ಪಾಲಿನ ಲೆಕ್ಕ ಬ್ಯಾಡ. ನನಗ ಕೇಳಾಕ ಆಗವಲ್ದು."

ಅವಳ ಮುಖ ನೋಡಿ ಒಪ್ಪಿಕೊಂಡೆ. ಬೀಜದ ಡಬ್ಬಿ ಚೀಲದಲ್ಲೇ ಉಳಿಯಿತು. ಕೋನಗಳ ಪಾಠ ತೆಗೆದೆ: ಲಂಬಕೋನ, ಲಘುಕೋನ, ಬಾಗಿಲು ಎಷ್ಟು ತೆರೆದರೆ ಯಾವ ಕೋನ. ಹುಡುಗ ಗೋಡೆಯ ಕಡೆ ಮುಖ ತಿರುಗಿಸಿದ. ಕೇಳಿದ್ದಕ್ಕೆ ಹೂಂ ಇಲ್ಲ, ಹಾಂ ಇಲ್ಲ. ಅದರ ಮುಂದಿನ ವಾರವೂ ಅದೇ. ಮೂರನೆಯ ಸಲ ಹೋದಾಗ ಕಣ್ಣು ಮುಚ್ಚಿಕೊಂಡು, ತುಟಿ ಅಲುಗಿಸುತ್ತ ಏನೋ ಎಣಿಸುತ್ತಿದ್ದ. ಹತ್ತಿರ ಬಗ್ಗಿ ಕೇಳಿದೆ. ಮೂರು, ಆರು, ಒಂಬತ್ತು ಎಂದು ಹೇಳಿಕೊಳ್ಳುತ್ತಿದ್ದ. ಮಗ್ಗಿ ಸರಿಯಾಗಿ ಬಾರದ್ದರಿಂದ ಹದಿನೈದರ ಆಚೆ ತಪ್ಪಿ, ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದ.

ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಕೇಳಿದರೆ ಹೇಳಲಾರೆ. ಎದ್ದು ಒಲೆಯ ಬಳಿ ಹೋಗಿ ಅವನ ಅವ್ವನ ಎದುರು ಕುಕ್ಕರಗಾಲಲ್ಲಿ ಕೂತೆ.

"ಯವ್ವಾ, ಅವಗ ಗೊತ್ತದ. ನಾವು ಲೆಕ್ಕ ಬಿಟ್ರ ಅವಗ ಗೊತ್ತಿರೂದು ಹೋಗಂಗಿಲ್ಲ. ಒಬ್ಬನ ಕುಂತು ಎಣಿಸಾಕತ್ತಾನ, ಅದೂ ತಪ್ಪು ಎಣಿಸಾಕತ್ತಾನ. ನಮ್ಮ ಜೋಡಿ ಎಣಿಸ್ಲಿ."

ಅವಳು ಬಹಳ ಹೊತ್ತು ಹಿಟ್ಟು ನಾದಿದಳು. ಕಣ್ಣೀರು ಮೊಣಕೈಯಿಂದ ಒರೆಸಿಕೊಂಡು, "ನಾ ಹೊರಗ ಇರ್ತೀನಿ, ನೀವು ಹೇಳಿಕೊಡ್ರಿ," ಎಂದು ಎದ್ದು ಹೋದಳು. ನಾನು ಡಬ್ಬಿ ತೆರೆದೆ. ಹುಡುಗನಿಗೆ ನಿಜ ಮುಚ್ಚಿ ಕೋನ ಕಲಿಸುವುದಕ್ಕಿಂತ ಅವನು ಕೇಳಿದ ಲೆಕ್ಕವನ್ನು ಸರಿಯಾಗಿ ಕಲಿಸುವುದೇ ನನ್ನ ಕೆಲಸ ಎಂದು ಆ ದಿನ ಗಟ್ಟಿ ಮಾಡಿಕೊಂಡೆ. ಅದು ತಪ್ಪೋ ಸರಿಯೋ ಎಂದು ಮೇಲಿನವರನ್ನು ಕೇಳಲು ಹೋಗಲಿಲ್ಲ.

ಅಷ್ಟರಲ್ಲಿ ಅವನ ಬೆರಳು ಸೋತಿದ್ದವು. ಬೀಜ ಎತ್ತಲು ಹೋದರೆ ಜಾರುತ್ತಿತ್ತು. ಕೆಲವು ವಾರ ತೋರುಬೆರಳಿಂದ ತಳ್ಳಿ ಸಾಲು ಮಾಡಿದ. ಆಮೇಲೆ ಅದೂ ಆಗದೆ, ನಾನು ಮೊರವನ್ನು ಅವನ ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು, ಅವನು ಹೇಳಿದಂತೆ ಬೀಜ ಸರಿಸುತ್ತಿದ್ದೆ. "ಇನ್ನೊಂದು ಸಾಲು ಮಾಡ್ರಿ. ಅಲ್ಲಲ್ರಿ, ಆ ಕಡೆ. ಅಕ್ಕೋರಿಗೆ ಇಷ್ಟೂ ತಿಳಿಯಂಗಿಲ್ಲ," ಎಂದು ನನ್ನನ್ನೇ ಗದರುತ್ತಿದ್ದ. ಗದರಿಸಿಕೊಂಡು ಮಾಡುತ್ತಿದ್ದೆ.

ಸಾಮಾನ್ಯ ಅಪವರ್ತ್ಯಕ್ಕೆ ಬೀಜ ಸಾಲದು. ಮೂರರ ಮಗ್ಗಿ ಒಂದು ದಾರಿಯಲ್ಲಿ ಹೋಗುತ್ತದೆ, ನಾಲ್ಕರದು ಇನ್ನೊಂದು ದಾರಿಯಲ್ಲಿ. ಎರಡೂ ಎಲ್ಲಿ ಕೂಡುತ್ತವೆ ಎಂಬುದು ಕಿವಿಗೆ ಕೇಳಬೇಕು. ಅವನ ಅಕ್ಕತಂಗಿಯರನ್ನು ಕರೆದೆ. ದೊಡ್ಡಕ್ಕ ಹತ್ತಿ ಬಿಡಿಸಲು ಹೋಗಿದ್ದಳು. ನಡುವಿನವಳಿಗೆ, ಮೂರರ ಮಗ್ಗಿ ಬಂದಾಗಲೆಲ್ಲ ಚಪ್ಪಾಳೆ ತಟ್ಟು ಎಂದೆ. ನಾಲ್ಕನೆಯ ತರಗತಿಯ ತಂಗಿಗೆ ನಾಲ್ಕರ ಮಗ್ಗಿ. ಹುಡುಗ ತಪ್ಪು ಹಿಡಿಯುವ ಪಂಚ. ನಾನು ಒಂದರಿಂದ ಎಣಿಸತೊಡಗಿದೆ.

ಮೂರಕ್ಕೆ ಅಕ್ಕ ತಟ್ಟಿದಳು. ನಾಕಕ್ಕೆ ತಂಗಿ ತಟ್ಟಿದಳು. ಆರಕ್ಕೆ ಅಕ್ಕ. ಎಂಟಕ್ಕೆ ತಂಗಿ ಮರೆತಳು, ಹುಡುಗ, "ಲೇ, ನಿದ್ದಿ ಹೊಡಿಯಾಕತ್ತೀಯೇನ?" ಎಂದು ಕೂಗಿದ, ಮತ್ತೆ ಮೊದಲಿಂದ. ಹನ್ನೆರಡಕ್ಕೆ ಇಬ್ಬರ ಚಪ್ಪಾಳೆಯೂ ಒಟ್ಟಿಗೆ ಬಿತ್ತು. ಇಬ್ಬರೂ ಬೆಚ್ಚಿ ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. ಇಪ್ಪತ್ತನಾಲ್ಕಕ್ಕೆ ಮತ್ತೆ ಒಟ್ಟಿಗೆ, ಈ ಸಲ ಅಜ್ಜಿಯೂ ಸೇರಿಕೊಂಡಳು. ಹೊರಗಿದ್ದ ಅವ್ವ ಬಾಗಿಲಲ್ಲಿ ಬಂದು ನಿಂತಿದ್ದಳು. ಮಕ್ಕಳು ನಗುವುದನ್ನು ನೋಡಿ ಅವಳೂ ನಕ್ಕಳು, ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡಳು.

"ಇಪ್ಪತ್ನಾಕು," ಎಂದ ಹುಡುಗ. "ಮೂರಕ್ಕ ಎಂಟೆಂಟು. ನಾಕಕ್ಕ ಆರಾರು. ಈಗ ಇಪ್ಪತ್ತೊಂದು ಅದಾವ. ಮೂರು ಕುರಿ ಗಬ್ಬ ಅದಾವ್ರಿ. ಮೂರೂ ಹೆಣ್ಣು ಹಾಕಿದ್ರ ಆತು."

ಕುರಿಗಳು ಆಗ ಊರಲ್ಲಿರಲಿಲ್ಲ. ಸುಗ್ಗಿಯಾದ ಮೇಲೆ ಅವನ ಅಪ್ಪ ಹಿಂಡು ಹೊಡೆದುಕೊಂಡು ನಮ್ಮ ಮಾನ್ವಿ ಕಡೆಯ ಭತ್ತದ ಗದ್ದೆಗಳಿಗೆ ಬರುತ್ತಾನೆ. ಕೊಯ್ದ ಗದ್ದೆಯಲ್ಲಿ ಕೂಳೆ ಮೇಯಿಸಿ, ರಾತ್ರಿ ಅಲ್ಲೇ ಹಿಂಡು ತರುಬಿದರೆ ಹೊಲಕ್ಕೆ ಗೊಬ್ಬರ. ಎಷ್ಟು ಮರಿ ಹುಟ್ಟಿದವು, ಹೆಣ್ಣೋ ಗಂಡೋ ಎಂದು ಫೋನಿನಲ್ಲಿ ಕೇಳಿದರೆ ಅಪ್ಪ ಬೇರೆ ಮಾತು ತೆಗೆಯುತ್ತಿದ್ದನಂತೆ. "ನೀವು ಅಲ್ಲೇ ಇರ್ತೀರಿ, ಕೇಳ್ಕೊಂಡ ಬರ್ರಿ," ಎಂದು ಹುಡುಗ ದುಂಬಾಲು ಬಿದ್ದ. ಭಾನುವಾರ ನಾನು ಆಟೊ ಮಾಡಿಕೊಂಡು ಗದ್ದೆ ಹುಡುಕಿ ಹೋದೆ.

ಅಪ್ಪ ನೀರಿನ ಕಾಲುವೆಯ ದಂಡೆಯ ಮೇಲೆ ಕಂಬಳಿ ಹಾಸಿ ಕೂರಿಸಿದ, ಚಹಾ ಕೊಡಿಸಿದ. ಮಗ ಊಟ ಮಾಡುತ್ತಾನಾ, ಕೆಮ್ಮು ಕಡಿಮೆಯಾಯಿತಾ ಎಂದೆಲ್ಲ ಕೇಳಿದ. ನಾನು ಬಂದ ವಿಷಯ ತೆಗೆದೆ.

"ಅವನ ಕುರಿ ಈಗ ಎಷ್ಟಾಗ್ಯಾವ ಅಂತ ಕೇಳ್ಯಾನ್ರಿ."

ಅವನ ಮುಖ ಬಿಗಿಯಿತು. "ಕುರಿ ಎಷ್ಟು ಅಂತ ಕೇಳಬಾರ್ದ್ರಿ ಅಕ್ಕೋರ. ನಾವೂ ಹೇಳಂಗಿಲ್ಲ."

"ನನಗ ಬ್ಯಾಡ್ರಿ, ಅವಗ ಬೇಕು. ಲೆಕ್ಕಕ್ಕ ಬೇಕು."

"ಯಾವ ಲೆಕ್ಕ ಅಂತ ಆಕಿ ಹೇಳ್ಯಾಳ." ಹೆಂಡತಿಯಿಂದ ಎಲ್ಲವೂ ಕಿವಿಗೆ ಬಿದ್ದಿತ್ತು. "ಇದ್ದ ಮಗನ ಕುರಿ ಪಾಲು ಹಾಕ್ತಾರೇನ್ರಿ ಯಾರಾರ? ಅವ ಅದಾನ್ರಿ. ಇನ್ನಾ ಅದಾನ. ನೀವು ಓದಿದೋರು, ಹುಡುಗರಿಗೆ ಇಂಥಾದ್ದು ಕಲಿಸ್ತೀರೇನು?"

"ನಾ ಕಲಿಸಿಲ್ರಿ, ಅವನ ಕೇಳ್ಯಾನ. ಅವಗ ಹೆದರಿಕಿ ಇಲ್ಲ, ನಿಮಗ ಅದ," ಎಂದುಬಿಟ್ಟೆ. ಅಪ್ಪ ಕೋಲು ಹಿಡಿದು ಎದ್ದು, ಬಲೆಯ ಬೇಲಿಯ ಆಚೆಗಿದ್ದ ಹಿಂಡಿನ ಕಡೆ ನಡೆದ. ಬಿಸಿಲಿಗೆ ನಿಂತು ಕುರಿಗಳ ಬೆನ್ನ ಮೇಲೆ ಕೈಯಾಡಿಸುತ್ತಿದ್ದ. ನಾನು ಅರ್ಧ ಚಹಾ ಅಲ್ಲೇ ಬಿಟ್ಟು ವಾಪಸಾದೆ. ಯಾಕೆ ಮುಖ ಹಾಗೆ ಮಾಡಿಕೊಂಡಿದ್ದೀ ಎಂದು ಮನೆಯಲ್ಲಿ ನನ್ನ ಅಮ್ಮೀ ಕೇಳಿದ್ದಕ್ಕೆ ಅವಳ ಮೇಲೂ ಹರಿಹಾಯ್ದೆ.

ಸುದ್ದಿ ಕೊನೆಗೆ ಗದ್ದೆಗೆ ಹೋಗಿಬರುತ್ತಿದ್ದ ಚಿಕ್ಕಪ್ಪನ ಬಾಯಿಂದ ಬಂತು. ಒಂದು ಕುರಿ ಹೆಣ್ಣು ಹಾಕಿತು. ಕೆಲವು ದಿನ ಬಿಟ್ಟು ಇನ್ನೊಂದೂ ಹೆಣ್ಣೇ. ಇಪ್ಪತ್ತಮೂರು. ಹುಡುಗ ಉಬ್ಬಿಹೋದ. ಉಳಿದ ಒಂದರ ದಾರಿ ಕಾಯುತ್ತ ಅದಕ್ಕೆ ಬಾಯಿಗೆ ಬಂದ ಹೆಸರಿಟ್ಟು ಬೈಯುತ್ತಿದ್ದ. "ಸಾವಕಾರತಿ, ಎಷ್ಟ ತಡಾ ಮಾಡ್ತಾಳ ನೋಡ್ರಿ!" ಬೈಯುತ್ತ ಬೈಯುತ್ತ ಉಸಿರು ಸಾಲದೆ ನಡುವೆ ನಿಲ್ಲುತ್ತಿದ್ದ. ಬೆನ್ನು ಬಾಗಿ ಎದೆ ಒಂದು ಕಡೆಗೆ ವಾಲಿತ್ತು. ಮಾತಿನ ನಡುವಿನ ಆ ನಿಲುಗಡೆಗಳು ವಾರವಾರಕ್ಕೂ ಉದ್ದವಾಗುತ್ತಿದ್ದವು. ಬಸ್ಸಿನಲ್ಲಿ ವಾಪಸು ಬರುವಾಗ ನಾನೂ ಆ ಒಂದು ಕುರಿಗೆ ದುವಾ ಕೇಳುತ್ತಿದ್ದೆ, ಯಾರಾದರೂ ಕೇಳಿಸಿಕೊಂಡರೆ ನಗುತ್ತಿದ್ದರೇನೋ.

ಆಮೇಲೆ ಒಂದು ಬೆಳಿಗ್ಗೆ ನಡುವಿನಕ್ಕನ ಫೋನು. ತಮ್ಮನಿಗೆ ಜ್ವರ, ಕಫ ಕಟ್ಟಿದೆ, ದೇವದುರ್ಗದಲ್ಲಿ ಆಗುವುದಿಲ್ಲವೆಂದು ರಾಯಚೂರಿಗೆ ಕಳಿಸಿದ್ದಾರೆ. ನಾನು ಮಾನ್ವಿಯಿಂದ ಸಿಕ್ಕ ಬಸ್ಸು ಹತ್ತಿದೆ. ವಾರ್ಡಿನಲ್ಲಿ ಅವ್ವ, ಅಕ್ಕಂದಿರು, ತಂಗಿ ಎಲ್ಲ ಇದ್ದರು. ಅಪ್ಪ ಇನ್ನೂ ಗದ್ದೆಯಲ್ಲಿದ್ದ. ಹಿಂಡು ಒಪ್ಪಿಸಿ ಬರಬೇಕೆಂದರೆ ಚಿಕ್ಕಪ್ಪ ಊರಿಂದ ಬರುವವರೆಗೆ ಕಾಯಬೇಕಿತ್ತು. ಹುಡುಗನ ಮೂಗು ಬಾಯಿ ಮುಚ್ಚುವಂತೆ ಆಮ್ಲಜನಕದ ಮುಖವಾಡ ಹಾಕಿದ್ದರು. ಕಣ್ಣು ಮಾತ್ರ ಹೊರಗಿದ್ದವು. ನನ್ನನ್ನು ಕಂಡು ಹುಬ್ಬು ಏರಿಸಿದ. ಅವ್ವ ಮುಖವಾಡ ತುಸು ಸರಿಸಿದಳು.

"ಇಪ್ಪತ್ಮೂರಕ್ಕ... ಯಾವ್ಯಾವು ಬರ್ತಾವ್ರಿ?"

ಸುಳ್ಳು ಹೇಳಬಹುದಿತ್ತು. ಅವನಿಗೆ ಲೆಕ್ಕದಲ್ಲಿ ಸುಳ್ಳು ಹೇಳಿ ನನಗೆ ಅಭ್ಯಾಸವಿರಲಿಲ್ಲ. "ಒಂದು, ಇಪ್ಪತ್ಮೂರು. ಅಷ್ಟ."

"ಹಟಮಾರಿ," ಎಂದ. ಕಣ್ಣಂಚಿನಿಂದ ನೀರು ಇಳಿದು ಕಿವಿಗೆ ಹೋಯಿತು. ಇಷ್ಟು ತಿಂಗಳಲ್ಲಿ ಅವನು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಬೀಜ ಜಾರಿದಾಗ ಅಳಲಿಲ್ಲ, ಬೆರಳು ಸೋತಾಗ ಅಳಲಿಲ್ಲ. ಒಂದು ಕುರಿ ಕಡಿಮೆ ಬಿದ್ದದ್ದಕ್ಕೆ ಅತ್ತ.

ನಡುವಿನಕ್ಕ ಹೊರಗೆ ಹೋಗಿ ಅಪ್ಪನಿಗೆ ಫೋನು ಹಚ್ಚಿ ಏನೋ ಹೇಳಿದಳು. ಒಳಗೆ ಬಂದು ಫೋನನ್ನು ತಮ್ಮನ ಕಿವಿಯ ಬಳಿ ಹಿಡಿದು ಸ್ಪೀಕರ್ ಹಾಕಿದಳು. ಕುರಿಗಳ ಕೂಗಿನ ನಡುವೆ ಅಪ್ಪನ ದನಿ ಕೇಳಿತು.

"ಯಪ್ಪಾ, ಕೇಳಾಕತ್ತದೇನು? ಉಳಿದ ಕುರಿ ಇವತ್ತ ಹಾಕ್ತೋ. ಹೆಣ್ಣು ಮರಿ. ಇಪ್ಪತ್ನಾಕು ಆದ್ವು. ದೇವರ್ದು ಬಿಟ್ಟು ಇಪ್ಪತ್ನಾಕು ಅದಾವ ನಿನ್ನವು. ನೀ ಹೇಳಿದಂಗ ಮಾಡ್ತೀನಿ."

ಹಿಂಡಿನ ಎಣಿಕೆಯನ್ನು ಯಾರೆದುರೂ ಬಾಯಿಬಿಟ್ಟು ಹೇಳದ ಮನುಷ್ಯ ಇಡೀ ವಾರ್ಡಿಗೆ ಕೇಳುವಂತೆ ಹೇಳಿದ. ಹುಡುಗನ ಮುಖ ಸಡಿಲಾಯಿತು. ಏನೋ ಹೇಳಲು ಹೊರಟ. ನಾವೆಲ್ಲ ಬಗ್ಗಿದೆವು.

"ಎಂಟೆಂಟು," ಎಂದ.

ಆರಾರು ಎನ್ನಲಿಲ್ಲ. ಅವ್ವ ಮುಖವಾಡವನ್ನು ಮತ್ತೆ ಸರಿಯಾಗಿ ಕೂರಿಸಿದಳು. ಅವಳಿಗೂ ಆ ಹೊತ್ತಿಗೆ ಮೂರರ ಮಗ್ಗಿ, ನಾಲ್ಕರ ಮಗ್ಗಿ ಎರಡೂ ಬಾಯಿಗೆ ಬರುತ್ತಿದ್ದವು.

ಅಪ್ಪ ಸಂಜೆಗೆ ಬಂದು ಮುಟ್ಟಿದ. ಮಗ ಅವನ ಗುರುತು ಹಿಡಿದ, ಅಷ್ಟು ಮಾತ್ರ ಸಮಾಧಾನ. ಮರುದಿನ ಬೆಳಿಗ್ಗೆ ಹುಡುಗ ಹೋದ. ನಾನು ಮಾನ್ವಿಗೆ ಬಂದು ಕೆಲಸಕ್ಕೆ ರಜೆ ಹಾಕಿ ಮಲಗಿದೆ. ಬೇರೆ ಮಕ್ಕಳ ಮನೆಗೆ ಹೋಗುವ ಶಕ್ತಿ ಇರಲಿಲ್ಲ. ನಾನು ಮನಸ್ಸಿನಲ್ಲಿ ಲೆಕ್ಕ ಹಾಕುವುದು ಇಂದಿಗೂ ಮನೆಮಾತಿನಲ್ಲೇ, ಆ ದಿನಗಳಲ್ಲಿ ಅನ್ನ ತಿನ್ನುವಾಗಲೂ ತೀನ್, ಛೇ, ನೌ, ಬಾರಾ ಎಂದು ತಲೆಯೊಳಗೆ ಓಡುತ್ತಲೇ ಇತ್ತು. ಅಮ್ಮೀ ಏನೂ ಕೇಳದೆ ತಟ್ಟೆಗೆ ಸಾರು ಹಾಕುತ್ತಿದ್ದಳು.

ದಿನಕರ್ಮವೆಲ್ಲ ಮುಗಿದ ಮೇಲೆ ಅವನ ಅಪ್ಪ ಫೋನು ಮಾಡಿದ. "ಹಿಂಡು ಊರಿಗೆ ಬಂದದ್ರಿ. ಬರ್ರಿ ಅಕ್ಕೋರ, ನೀವು ಇರಬೇಕು."

ಮನೆಯ ಹಿಂದಿನ ದೊಡ್ಡಿಯಲ್ಲಿ ಎಡಗಿವಿ ಸೀಳಿದ ಕುರಿಗಳನ್ನು ಬೇರೆ ಮಾಡಿ ನಿಲ್ಲಿಸಿದ್ದ. ದೇವರದ್ದನ್ನು ಮೊದಲೇ ಆಚೆ ಕಟ್ಟಿದ್ದ. ಅವ್ವ ಮತ್ತು ಅಜ್ಜಿ ಬಾಗಿಲಲ್ಲಿ ಕೂತಿದ್ದರು, ಮೂವರು ಹೆಣ್ಣುಮಕ್ಕಳು ಕಲ್ಲಿನ ಗೋಡೆಗೆ ಒರಗಿ ನಿಂತಿದ್ದರು.

"ಎಣಿಸ್ರಿ," ಎಂದ ಅಪ್ಪ. "ಬಾಯಿಬಿಟ್ಟ ಎಣಿಸ್ರಿ."

ಎಣಿಸಿದೆ. ಇಪ್ಪತ್ತನಾಲ್ಕು ಇದ್ದವು. ಇಪ್ಪತ್ತನಾಲ್ಕನೆಯದು ಬೆಳೆದ ಕುರಿ, ಮರಿಯಲ್ಲ. ಅದರ ಎಡಗಿವಿಯ ಸೀಳು ಹಸಿಯಾಗಿತ್ತು, ಅರಿಶಿನ ಮೆತ್ತಿದ್ದರು. ನಾನು ಅದನ್ನೇ ನೋಡುತ್ತಿದ್ದದ್ದು ಅವನಿಗೆ ತಿಳಿಯಿತು.

"ಅವತ್ತು ಫೋನಿನಾಗ ಹೇಳಿದ್ದು ಸುಳ್ಳ್ರಿ. ಮರಿ ಸತ್ತ ಹುಟ್ಟಿತ್ತು. ಇದು ನನ್ನ ಹಿಂಡಿಂದು. ಅವ ಲೆಕ್ಕ ಮುಗಿಸಿ ಹೋಗ್ಯಾನ, ಅದು ತಪ್ಪಬಾರ್ದಲ್ರಿ." ಅಷ್ಟು ಹೇಳಿ ಹೆಗಲ ಮೇಲಿನ ಕಂಬಳಿಯಲ್ಲಿ ಮುಖ ಮುಚ್ಚಿಕೊಂಡು ನಿಂತಲ್ಲೇ ಅತ್ತ. ನಾನೂ ತಡೆದುಕೊಳ್ಳಲಿಲ್ಲ.

ಆಮೇಲೆ ಪಾಲು ಮಾಡಿದ. ದೊಡ್ಡ ಮಗಳಿಗೆ ಎಂಟು, ನಡುವಿನವಳಿಗೆ ಎಂಟು, ಸಣ್ಣವಳಿಗೆ ಎಂಟು. ಮರಿಗಳನ್ನು ತಾಯಿಯಿಂದ ಅಗಲಿಸದೆ, ಮುದಿ ಕುರಿ ಒಬ್ಬಳಿಗೇ ಹೋಗದಂತೆ ನೋಡಿ ನೋಡಿ ವಿಂಗಡಿಸಿದ. ನಾನು ಒಂದೊಂದು ಪಾಲನ್ನೂ ಎಣಿಸಿ ಸರಿ ಎಂದೆ. ಶೇಷ ಸೊನ್ನೆ ಬಂದರೆ ಮಕ್ಕಳ ಬೆನ್ನು ತಟ್ಟಿ ಶಾಬಾಸ್ ಅನ್ನುವವಳು ನಾನು. ಅಂದು ಎಲ್ಲಾದರೂ ಒಂದು ಕುರಿ ಮಿಕ್ಕು ನಿಂತಿದೆಯೇ ಎಂದು ದೊಡ್ಡಿಯ ಮೂಲೆಮೂಲೆಗೂ ಕಣ್ಣಾಡಿಸಿದೆ. ಒಂದೂ ಮಿಕ್ಕಿರಲಿಲ್ಲ.

ಸಣ್ಣವಳು ತನ್ನ ಎಂಟು ಕುರಿಗಳನ್ನು ಬಿಟ್ಟು ನನ್ನ ಬಳಿ ಬಂದು ಸೀರೆ ಹಿಡಿದು ನಿಂತಳು.

"ಅಕ್ಕೋರ, ನಾಕು ಪಾಲು ಮಾಡಿದ್ರೂ ಬರ್ತಿತ್ತಲ್ರಿ?"

"ಬರ್ತಿತ್ತು ತಂಗೀ," ಎಂದೆ. "ಆರಾರು ಬರ್ತಿತ್ತು."